ಖೋರ್ ದಂಡೆಯಲ್ಲಿ ಹಕ್ಕಿ ಎಂದದ್ದು

ಮಸ್ಕತ್ತಿಗೆ ಹೋಗಿ ಬಂದವರನ್ನು ನಮ್ಮೂರಿನಲ್ಲಿ ಯಾರೂ ಊರು ಹೇಗಿತ್ತು ಎಂದು ಕೇಳುವುದಿಲ್ಲ. ಚಿನ್ನ ತಂದೆಯಾ ಎಂದು ಕೇಳುತ್ತಾರೆ. ಇಲ್ಲವೆಂದರೆ ಸೆಂಟು, ಅದೂ ಇಲ್ಲವೆಂದರೆ ಮತ್ತೆ ಏನು ಕಡಿದು ಗುಡ್ಡೆ ಹಾಕಲು ಹೋಗಿದ್ದೆ ಎಂಬ ಮುಖ ಮಾಡುತ್ತಾರೆ. ನಾನು ಹಕ್ಕಿ ನೋಡಲು ಹೋಗಿದ್ದೆ ಎಂದಾಗ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರೂ ಚಹಾ ಲೋಟ ಕೆಳಗಿಟ್ಟು ನಕ್ಕರು. ನಗಲಿ ಬಿಡಿ. ಹಕ್ಕಿ ನೋಡಲು ಹೋಗಿ ಒಬ್ಬ ಒಳ್ಳೆಯ ಮನುಷ್ಯನ ಅನ್ನಕ್ಕೆ ಕಲ್ಲು ಹಾಕುವುದರಲ್ಲಿದ್ದೆ ಎಂಬುದನ್ನು ಅವರಿಗೆ ನಾನು ಹೇಳಿರಲಿಲ್ಲ. ಈಗ ಹೇಳುತ್ತೇನೆ.

ವಾದಿ ಕಬೀರ್

ಪ್ರಭಾ ಮತ್ತು ನಾನು ಉಡುಪಿಯಲ್ಲಿ ಕಾಲೇಜು ಓದುವಾಗ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದವರು. ಅವಳು ಮೂಲ್ಕಿ ಕಡೆಯವಳು, ಮನೆಮಾತು ತುಳು. ನಾನು ಕುಂದಾಪುರದವಳು, ನಮ್ಮದು ಕನ್ನಡ. ಅದೂ ಮಂಗಳೂರಿನವರು ಕೇಳಿ ನಗುವ ಕನ್ನಡ. ಹಾಗಾಗಿ ನಮ್ಮಿಬ್ಬರ ನಡುವೆ ಮೊದಲಿನಿಂದಲೂ ಕನ್ನಡವೇ ನಡೆಯುತ್ತಿತ್ತು. ಅವಳ ಗಂಡ ದಯಾನಂದ, ನಾನು ದಯಣ್ಣ ಎನ್ನುತ್ತೇನೆ, ನನ್ನ ಹತ್ತಿರ ಕನ್ನಡ, ಹೆಂಡತಿಯ ಹತ್ತಿರ ತುಳು, ಕೆಲಸದಲ್ಲಿ ಹಿಂದಿ, ಯಜಮಾನನ ಎದುರು ಅರಬ್ಬಿ ಮಾತಾಡುತ್ತಾರೆ. ನಾಲ್ಕರಲ್ಲೂ ಅವರದು ತಗ್ಗಿದ ದನಿ.

ಇದು ತೊಂಬತ್ತರ ದಶಕದ ಆರಂಭದ ಮಾತು. ದಯಣ್ಣ ಮಸ್ಕತ್ತಿನ ವಾದಿ ಕಬೀರ್ ಬಡಾವಣೆಯ ಒಂದು ಗ್ಯಾರೇಜಿನಲ್ಲಿ ಬಿಡಿಭಾಗಗಳ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಮನೆಯೂ ಗ್ಯಾರೇಜುಗಳ ಮೇಲೆಯೇ. ಬೆಳಿಗ್ಗೆ ಎದ್ದರೆ ತಗಡು ಬಡಿಯುವ ಸದ್ದು, ಕಿಟಕಿ ತೆರೆದರೆ ಪೈಂಟಿನ ವಾಸನೆ. ನಾನು ಹೋದ ಮರುದಿನ ಬಾಲ್ಕನಿಗೆ ಬಂದು ದುರ್ಬೀನು ಕಣ್ಣಿಗಿಟ್ಟರೆ ಎದುರಿನ ನೀರಿನ ಟ್ಯಾಂಕಿನ ಮೇಲೆ ಕೂತದ್ದು ನಮ್ಮ ಊರಿನದೇ ಕಾಗೆ. ಬೂದು ಕುತ್ತಿಗೆ, ಅದೇ ಓರೆನೋಟ, ಅದೇ ಅಹಂಕಾರ.

"ಇದನ್ನ್ ಕಾಂಬುಕೆ ನಾ ವಿಮಾನ ಹತ್ತಿ ಬರ್ಕಿತ್ತಾ?" ಎಂದೆ.

"ಅದೂ ನಮ್ಮ ಹಾಗೇ ಮಾರಾಯ್ತಿ. ಹಡಗು ಹತ್ತಿ ಬಂದದ್ದಂತೆ. ಅದಕ್ಕೆ ಮಾತ್ರ ವೀಸಾ ಬೇಡ" ಎಂದಳು ಪ್ರಭಾ.

ಆ ಮನೆಯಲ್ಲಿ ಏನು ಮಾತಾಡಿದರೂ ಎರಡನೇ ವಾಕ್ಯಕ್ಕೆ ವೀಸಾ ಬರುತ್ತಿತ್ತು. ಅಲ್ಲಿ ದುಡಿಯುವ ಹೊರಗಿನವರೆಲ್ಲ ಒಬ್ಬ ಒಮಾನಿಯ ಜವಾಬ್ದಾರಿಯ ಮೇಲೆ ಇರಬೇಕು, ಅವನೇ ಕಫೀಲ್. ಅವನು ಖಲಾಸ್ ಎಂದರೆ ಮುಗಿಯಿತು, ಗಂಟು ಕಟ್ಟಬೇಕು. ದಯಣ್ಣನ ವೀಸಾ ನವೀಕರಣಕ್ಕೆ ಹೋಗಿದ್ದ ತಿಂಗಳಿನಲ್ಲೇ ನಾನು ಹೋಗಿ ಇಳಿದಿದ್ದೆ. ನನಗೂ ವೀಸಾ ಮಾಡಿಸಿದ್ದು ಅದೇ ಕಫೀಲ್. ಪಕ್ಕದ ಫ್ಲಾಟಿನ ಒಬ್ಬನನ್ನು ಏನೋ ಸಣ್ಣ ಪೊಲೀಸ್ ತಕರಾರಿಗೆ ಊರಿಗೆ ಅಟ್ಟಿದ್ದರಂತೆ. ಅವನ ಚಪ್ಪಲಿ ಬಾಗಿಲ ಹೊರಗೆ ಹಾಗೇ ಇತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ.

ದಯಣ್ಣನ ಮಗಳು ಆಗಷ್ಟೇ ಮಂಗಳೂರಿನಲ್ಲಿ ಕಾಲೇಜು ಸೇರಿದ್ದಳು. ಅವಳ ಓದು ಮುಗಿಯುವವರೆಗೆ ಒಮಾನಿನಲ್ಲಿ ಕಾಲೂರಿ ನಿಂತರೆ ಸಾಕು ಎಂಬುದೊಂದೇ ಅವರ ಆಸೆ. ಅದಕ್ಕಾಗಿ ಆ ಮನುಷ್ಯ ರಸ್ತೆ ದಾಟುವಾಗಲೂ ಯಾರದೋ ಅನುಮತಿ ಕೇಳುವವರ ಹಾಗೆ ದಾಟುತ್ತಿದ್ದರು. ನನಗೆ ಮೊದಲು ಕಿರಿಕಿರಿಯಾಗಿತ್ತು.

ಗುಡ್ಡಗಳ ನಡುವೆ

ಶುಕ್ರವಾರ ಅಲ್ಲಿ ರಜೆ. ಕುರಿಯಾತ್ ಊರು ದಾಟಿದರೆ ಒಂದು ಖೋರ್ ಇದೆ, ಚಳಿಗಾಲದಲ್ಲಿ ಹಕ್ಕಿಗಳು ಬರುತ್ತವೆ ಎಂದು ಪ್ರಭಾ ಪಾಠ ಹೇಳುವ ಶಾಲೆಯಲ್ಲಿ ಯಾರೋ ಹೇಳಿದ್ದರು. ಖೋರ್ ಎಂದರೆ ಸಮುದ್ರದ ನೀರು ನೆಲದೊಳಗೆ ನುಗ್ಗಿ ನಿಂತ ಕಿರುಹೊಳೆ. ನಮ್ಮ ಗಂಗೊಳ್ಳಿಯ ಅಳಿವೆಯ ಬಡ ತಮ್ಮ ಎಂದುಕೊಳ್ಳಿ. ನಾನು ಹೋಗಲೇಬೇಕು ಎಂದು ಹಟ ಹಿಡಿದೆ. ದಯಣ್ಣ ಇಲ್ಲ ಎನ್ನಲಾರದೆ ಕಂಪೆನಿಯ ಕಾರು ತೆಗೆದರು.

ದಾರಿಯುದ್ದಕ್ಕೂ ಗುಡ್ಡ. ಹುಲ್ಲಿನ ಒಂದು ಎಸಳೂ ಇಲ್ಲದ, ಸುಟ್ಟು ಕಪ್ಪಾದ, ಚೂಪುಚೂಪು ಗುಡ್ಡ. ಕರಾವಳಿಯವರಿಗೆ ಗುಡ್ಡವೆಂದರೆ ಹಸಿರೇ. ಬೋಳು ಗುಡ್ಡಗಳ ನಡುವೆ ಹೋಗುವಾಗ ನನಗೆ ಕಾರಣವಿಲ್ಲದೆ ಎದೆ ಭಾರವಾಯಿತು. ತಂತಿಯ ಮೇಲೊಂದು ನೀಲಕಂಠ ಕೂತಿತ್ತು. ರೆಕ್ಕೆ ಬಿಚ್ಚಿದಾಗ ಆ ಬೂದಿ ಬಣ್ಣದ ಲೋಕದಲ್ಲಿ ಅದೊಂದೇ ನೀಲಿ. ನಾನು ದುರ್ಬೀನು ಎತ್ತಿದೆ.

"ಸರೋಜಕ್ಕ, ಅದನ್ನು ಚೀಲದಲ್ಲಿ ಹಾಕಿ" ಎಂದರು ದಯಣ್ಣ.

"ಎಂತಕೆ?"

"ಇಲ್ಲಿ ಹಾಗೆಲ್ಲ ದುರ್ಬೀನು ಹಿಡಿದು ನೋಡಿದ್ರೆ ಕೇಳ್ತಾರೆ. ಗುಡ್ಡದ ಮೇಲೆ ಮಿಲಿಟರಿಯವರ ಟವರ್ ಉಂಟು."

"ನಾ ಎಂತ ಬಂದೂಕ್ ಹಿಡ್ಕಂಡ್ ಬಂದಿದ್ನಾ ದಯಣ್ಣ? ನಾ ಕಾಂಬುದ್ ಹಕ್ಕಿ."

"ನಿಮಗೆ ಅದು ಹಕ್ಕಿ. ಅವರಿಗೆ ನೀವು ಎಂತದು ಅಂತ ಗೊತ್ತುಂಟಾ?"

ಆದರೂ ದುರ್ಬೀನು ಚೀಲಕ್ಕೆ ಹೋಗಲಿಲ್ಲ. ಮಡಿಲಲ್ಲಿ ಸೆರಗಿನ ಕೆಳಗೆ ಇಟ್ಟುಕೊಂಡೆ. ಮುಂದಿನ ಸೀಟಿನಿಂದ ಪ್ರಭಾ ಕನ್ನಡಿಯಲ್ಲಿ ಅದನ್ನು ನೋಡಿದಳು, ಗಂಡನಿಗೆ ಹೇಳಲಿಲ್ಲ.

ಹಿಂದಿನಿಂದ ಒಂದು ಪೊಲೀಸ್ ಜೀಪು ಬಂದು, ಸ್ವಲ್ಪ ದೂರ ನಮ್ಮ ಬೆನ್ನಿಗೇ ಇದ್ದು, ಆಮೇಲೆ ಮುಂದೆ ಹೋಯಿತು. ಅಷ್ಟು ಹೊತ್ತೂ ದಯಣ್ಣ ಉಸಿರು ಹಿಡಿದೇ ಕಾರು ಓಡಿಸಿದರು. ಜೀಪು ತಿರುವಿನಲ್ಲಿ ಮರೆಯಾದ ಮೇಲೆ ಒಂದು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

ಖೋರ್

ಸಮುದ್ರದ ವಾಸನೆ ಬಂದ ಕೂಡಲೇ ನನ್ನ ಜೀವ ಹಗುರಾಯಿತು. ದಾರಿಯ ಬದಿಯಲ್ಲಿ ಮರಳಿನ ಮೇಲೆ ಮೀನು ಹರವಿ ಒಣಗಿಸಿದ್ದರು. ಬೂತಾಯಿ ಎಂದಳು ಪ್ರಭಾ. ಬೈಗೆ ಎಂದೆ ನಾನು. ಮೀನು ಒಂದೇ, ಅವರದು ತುಳು, ನಮ್ಮದು ಕುಂದಾಪುರ. ಅದನ್ನು ಅಲ್ಲಿ ದನಕ್ಕೂ ಒಂಟೆಗೂ ಹಾಕುತ್ತಾರೆ ಎಂದು ದಯಣ್ಣ ಹೇಳಿದಾಗ ನಮ್ಮಿಬ್ಬರ ಹೊಟ್ಟೆಯೂ ಒಟ್ಟಿಗೆ ಉರಿಯಿತು.

ಖೋರಿನ ದಂಡೆಯಲ್ಲಿ ಉಪ್ಪುನೀರಿನ ಕಾಂಡ್ಲ ಗಿಡಗಳು ಬೆಳೆದಿದ್ದವು. ಆಳೆತ್ತರಕ್ಕಿಂತ ಸ್ವಲ್ಪ ಹೆಚ್ಚು, ಕೆಸರಿನಿಂದ ಮೇಲೆದ್ದ ಬೆರಳಿನಂಥ ಬೇರುಗಳು. ನಾನು ಸೀರೆಯನ್ನು ನಮ್ಮೂರಿನ ಮೀನುಗಾರ್ತಿಯರ ಹಾಗೆ ಎತ್ತಿ ಕಟ್ಟಿ ಇಳಿದೇಬಿಟ್ಟೆ. ನೀರು ಇಳಿದು ಮತ್ತೆ ಏರಲು ತೊಡಗಿತ್ತು. ಹಕ್ಕಿ ನೋಡುವವರಿಗೆ ಅದೇ ಒಳ್ಳೆಯ ಹೊತ್ತು. ನೀರು ಏರಿದ ಹಾಗೆ ಕೆಸರು ಕಡಿಮೆಯಾಗುತ್ತದೆ, ಹಕ್ಕಿಗಳು ದಂಡೆಯ ಕಡೆಗೆ ಒತ್ತಿಕೊಂಡು ಬರುತ್ತವೆ.

ಮೊದಲು ಕಂಡದ್ದು ಕಡಲಬಕ. ಒಂದು ಬೂದುಗಪ್ಪು, ಪಕ್ಕದಲ್ಲೇ ನಿಂತದ್ದು ಅಚ್ಚ ಬಿಳಿ. ಬಣ್ಣ ಬೇರೆಯಾದರೂ ಎರಡೂ ಒಂದೇ ಜಾತಿ. ಕಪ್ಪು ಬಕ ರೆಕ್ಕೆಯನ್ನು ಅರ್ಧ ಬಿಚ್ಚಿ, ಕುಡಿದವರ ಹಾಗೆ ಅತ್ತಿತ್ತ ಓಡಿ ಮೀನು ಹಿಡಿಯುತ್ತಿತ್ತು. ಆಮೇಲೆ ಸಣ್ಣ ಗೊರವಗಳ ಒಂದು ದಂಡು. ನೆಲಕ್ಕೆ ಕೊಕ್ಕು ಚುಚ್ಚಿ, ಎತ್ತಿ, ಮತ್ತೆ ಚುಚ್ಚಿ, ಒಂದು ಕ್ಷಣ ಸುಮ್ಮನಿರಲಾರದ ಜಾತಿ. ಕಾಂಡ್ಲದ ಒಂದು ಒಣ ಕೊಂಬೆಯಿಂದ ಮಿಂಚುಳ್ಳಿ ನೀರಿಗೆ ಬಿತ್ತು, ಖಾಲಿ ಕೊಕ್ಕಿನಲ್ಲಿ ಎದ್ದು ಬಂದು ಮೈ ಕೊಡವಿಕೊಂಡಿತು. ದೂರದಲ್ಲಿ ರಾಜಹಂಸಗಳ ಸಾಲು. ಗುಲಾಬಿ ಬಣ್ಣ ಎಂದು ಪುಸ್ತಕದಲ್ಲಿ ಓದಿ ಹೋಗಿದ್ದೆ; ನನಗೆ ಕಂಡದ್ದು ತೊಳೆದು ತೊಳೆದು ಬಣ್ಣ ಹೋದ ಲಂಗ. ಮೇಲೆ ಮೀನುಡೇಗೆ ಒಂದು ಸುತ್ತು ಹಾಕಿದಾಗ ಗೊರವಗಳೆಲ್ಲ ಒಮ್ಮೆಲೇ ಎದ್ದು ಬಿದ್ದು ಕೂತವು. ಡೇಗೆ ಮೀನು ಬಿಟ್ಟು ಬೇರೇನೂ ತಿನ್ನುವುದಿಲ್ಲ. ಆದರೂ ಹೆದರುವವರಿಗೆ ನೆರಳು ಸಾಕು.

ದಯಣ್ಣ ದಂಡೆಯ ಮೇಲೆ ಕಾರಿನ ಬಾಗಿಲು ತೆರೆದಿಟ್ಟು ನಿಂತಿದ್ದರು. ಹಕ್ಕಿಗಳ ಕಡೆ ಒಮ್ಮೆಯೂ ನೋಡಲಿಲ್ಲ. ರಸ್ತೆಯನ್ನೇ ನೋಡುತ್ತಿದ್ದರು.

"ಸಾಕು ಪ್ರಭಾ, ಹೋಗುವ. ನೀರು ಏರ್ತಾ ಉಂಟು" ಎಂದು ಕರೆದರು.

"ಐದು ನಿಮಿಷ ರೀ" ಎಂದಳು ಅವಳು. ಅವಳ ಒಂದು ಚಪ್ಪಲಿಯನ್ನು ಕೆಸರು ನುಂಗಿತ್ತು. ಅದನ್ನು ಹುಡುಕುತ್ತಾ ಬಗ್ಗಿದ್ದಳು.

ಆಗ ನನಗೆ ಅದು ಕಂಡಿತು. ಕಾಂಡ್ಲದ ಬುಡದಲ್ಲಿ, ನನ್ನಿಂದ ಹೆಚ್ಚು ದೂರವಿಲ್ಲದೆ, ಉದ್ದ ಕಾಲಿನ ಕಪ್ಪು ಬಿಳುಪಿನ ದೊಡ್ಡ ಹಕ್ಕಿ. ದಪ್ಪ ಕರಿ ಕೊಕ್ಕಿನಲ್ಲಿ ಒದ್ದಾಡುವ ಏಡಿ. ಏಡಿಯನ್ನೇ ತಿಂದು ಬದುಕುವ ಈ ಹಕ್ಕಿಯ ಚಿತ್ರವನ್ನು ಎಷ್ಟು ಸಲ ನೋಡಿದ್ದೆನೋ! ನಮ್ಮ ಕಡೆ ನಾನು ಅದನ್ನು ಕಂಡದ್ದೇ ಇಲ್ಲ. ಕನ್ನಡದ ಹೆಸರು ಗೊತ್ತಿಲ್ಲದೆ ನಾನೇ ಏಡಿಹಕ್ಕಿ ಎಂದು ಇಟ್ಟುಕೊಂಡಿದ್ದೆ. ಅದು ಏಡಿಯ ಒಂದೊಂದೇ ಕಾಲನ್ನು ಒದರಿ ಕಿತ್ತಿತು. ನಾನು ಉಸಿರಾಡುವುದನ್ನೂ ಮರೆತೆ. ಹಕ್ಕಿಯ ಹಿಂದೆ ಬೇರುಗಳ ನಡುವೆ ಒಂದು ಗೋಣಿಚೀಲ ಸಿಕ್ಕಿಕೊಂಡಿತ್ತು. ನೋಡಿದೆ, ಆದರೆ ಕಸವೆಂದುಕೊಂಡೆ.

ಬೆನ್ನ ಹಿಂದೆ ಜೀಪಿನ ಬಾಗಿಲು ಬಡಿದ ಸದ್ದು.

ತಿರುಗಿದರೆ ಇಬ್ಬರು ಪೊಲೀಸರು ದಂಡೆ ಇಳಿದು ಬರುತ್ತಿದ್ದರು. ದಯಣ್ಣ ಇದ್ದಲ್ಲೇ ಕೈಗಳನ್ನು ಪಕ್ಕಕ್ಕಿಟ್ಟು ನೆಟ್ಟಗೆ ನಿಂತುಬಿಟ್ಟಿದ್ದರು. ಎಳೆಯ ಕಾನ್‌ಸ್ಟೇಬಲ್ ಒಬ್ಬ ನನ್ನ ಪಕ್ಕಕ್ಕೆ ಬಂದ. ನನ್ನ ದುರ್ಬೀನು ನೋಡಿದ, ಅದು ತಿರುಗಿದ್ದ ದಿಕ್ಕು ನೋಡಿದ, ಕಾಂಡ್ಲದ ಬುಡಕ್ಕೆ ಬೆರಳು ಮಾಡಿ ಕೇಳಿದ:

"ಹಕ್ಕ್ ಮನ್ ಹಾದಾ?"

ನನಗೆ ಅರಬ್ಬಿ ಬರುವುದಿಲ್ಲ. ಕೇಳಿದ್ದು ಹಕ್ಕ್ ಎಂಬ ಶಬ್ದ ಒಂದೇ. ಅದೂ ಅವನ ಬೆರಳು ನನ್ನ ಹಕ್ಕಿಯ ಕಡೆಗೇ ಇತ್ತು. ಪರದೇಶದಲ್ಲಿ ಒಬ್ಬ ಪೊಲೀಸ್ ಹಕ್ಕಿ ಎನ್ನುತ್ತಿದ್ದಾನೆ! ನಮ್ಮ ಕಡೆಯವರ ಸಹವಾಸದಲ್ಲಿ ಕಲಿತಿರಬೇಕು ಎಂದುಕೊಂಡು ಸಂತೋಷದಿಂದ ತಲೆಯಾಡಿಸಿದೆ.

"ಹಕ್ಕಿ! ಹಕ್ಕಿ!"

ಅವನ ಮುಖ ಗಡುಸಾಯಿತು. ಇನ್ನೊಮ್ಮೆ ಬೆರಳು ಮಾಡಿ ಕೇಳಿದ. ಇನ್ನೊಮ್ಮೆ, ಈ ಸಲ ಇನ್ನೂ ಗಟ್ಟಿಯಾಗಿ, ನಾನು ಹಕ್ಕಿ ಎಂದೆ. ಮೇಲಿನಿಂದ ದಯಣ್ಣ "ಲಾ! ಲಾ!" ಎಂದು ಕೂಗುತ್ತಾ ಓಡಿ ಬಂದರು. ಇಲ್ಲ, ಇಲ್ಲ ಎಂದು. ನನ್ನ ಕನ್ನಡಕ್ಕೆ ಇವರೇಕೆ ಅರಬ್ಬಿಯಲ್ಲಿ ಇಲ್ಲ ಎನ್ನುತ್ತಾರೆ? ಕಾನ್‌ಸ್ಟೇಬಲ್ ಅಷ್ಟರಲ್ಲಿ ಕೆಸರಿಗೆ ಇಳಿದಿದ್ದ. ಏಡಿಹಕ್ಕಿ ಏಡಿಯನ್ನು ಅಲ್ಲೇ ಬಿಟ್ಟು ಹಾರಿತು.

"ಅಯ್ಯೋ, ಹೋಯ್ತಲ್ಲ ನನ್ ಹಕ್ಕಿ!" ಎಂದು ಕೂಗಿದೆ.

ಅವನು ಗೋಣಿಚೀಲವನ್ನು ಎಳೆದ. ಒಳಗೆ ಬಾಟಲಿಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು.

ದಯಣ್ಣ ಕೆಸರಿನಲ್ಲೇ ಕುಸಿದು ಕೂತರು. "ಸರೋಜಕ್ಕ, ಹಕ್ಕ್ ಮನ್ ಅಂದ್ರೆ ಯಾರದ್ದು ಅಂತ. ಹಕ್ಕಿ ಅಂದ್ರೆ ಅರಬ್ಬಿಯಲ್ಲಿ ನನ್ನದು ಅಂತ. ನೀವು ನನ್ನದು ನನ್ನದು ಅಂತ ಹೇಳಿದ್ದು."

ಅಷ್ಟು ವರ್ಷ ಅಲ್ಲಿದ್ದರೂ ಈ ಎರಡು ಶಬ್ದಗಳು ಒಂದೇ ಥರ ಎಂದು ಆವರೆಗೆ ಅವರಿಗೆ ಹೊಳೆದಿರಲಿಲ್ಲ. ಹೇಗೆ ಹೊಳೆದೀತು? ಅವರ ಮನೆಯ ಮಾತಿನಲ್ಲಿ ಹಕ್ಕಿ ಎಂಬ ಶಬ್ದವೇ ಇಲ್ಲ. ಗ್ಯಾರೇಜಿನಲ್ಲಿ ಹಕ್ಕಿಯ ಮಾತು ಆಡುವವರೂ ಇಲ್ಲ.

ಠಾಣೆ

ಅಲ್ಲಿ ಮದ್ಯ ಕೊಳ್ಳಲು ಪರ್ಮಿಟ್ ಬೇಕು. ಕದ್ದು ದೋಣಿಯಲ್ಲಿ ತಂದದ್ದು ಕೈಯಲ್ಲಿ ಸಿಕ್ಕಿದರೆ ಜೈಲು, ಆಮೇಲೆ ವಿಮಾನ. ಇದನ್ನು ಜೀಪಿನಲ್ಲಿ ಪ್ರಭಾ ನನ್ನ ಕಿವಿಯಲ್ಲಿ ಹೇಳಿದಳು. ಅವಳ ಒಂದು ಕಾಲು ಬರಿಗಾಲು, ಮೊಣಕಾಲಿನವರೆಗೆ ಕೆಸರು. ದಯಣ್ಣನನ್ನು ಬೇರೆ ಕೂರಿಸಿದ್ದರು.

ಠಾಣೆಯಲ್ಲಿ ನಮ್ಮನ್ನು ಯಾರೂ ಗದರಿಸಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಖರ್ಜೂರ ತಂದಿಟ್ಟರು, ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಕಾಫಿ ಕೊಟ್ಟರು. ಕಾಫಿ ಎಂದರೆ ಹಾಲಿಲ್ಲ, ಸಕ್ಕರೆಯಿಲ್ಲ, ಏಲಕ್ಕಿಯ ಕಷಾಯ. ಕುಡಿದು ಮುಗಿಸಿದೆ, ಖೋರಿಗೆ ಬಂದಿದ್ದ ಆ ಕಾನ್‌ಸ್ಟೇಬಲ್ ಹುಡುಗ ಮತ್ತೆ ತುಂಬಿದ. ಮುಗಿಸಿದೆ, ಮತ್ತೆ ತುಂಬಿದ. ಇದು ಅವರ ವಿಚಾರಣೆಯ ಕ್ರಮವೇ ಇರಬೇಕೆಂದು ಕುಡಿಯುತ್ತಲೇ ಹೋದೆ. ಕೊನೆಗೆ ಪ್ರಭಾ "ಬಟ್ಟಲು ಅಲ್ಲಾಡಿಸು, ಸಾಕು ಅಂತ ಅರ್ಥ" ಎಂದಳು. ನನ್ನ ಕೈ ತಾನಾಗಿಯೇ ನಡುಗುತ್ತಿತ್ತು. ಅಷ್ಟು ಹೊತ್ತು ಅದು ಅವರ ಕಣ್ಣಿಗೆ ಬೀಳದೆ ಹೋದದ್ದೇ ಆಶ್ಚರ್ಯ.

ಬಂದ ಅಧಿಕಾರಿ ನಡುವಯಸ್ಸಿನವ. ನರೆತ ಗಡ್ಡ, ನಿಧಾನದ ಮಾತು. ಅವನ ಉರ್ದು ನನ್ನ ಹಿಂದಿಗಿಂತ ಎಷ್ಟೋ ಚೆನ್ನಾಗಿತ್ತು. ನಾನು ಎದ್ದು ನಿಂತು, ನಮ್ಮ ಭಾಷೆಯಲ್ಲಿ ಹಕ್ಕಿ ಎಂದರೆ ಚಿಡಿಯಾ, ನಾನು ಶಾಲೆಯಲ್ಲಿ ಪಾಠ ಹೇಳುವವಳು, ಹಕ್ಕಿ ನೋಡುವುದೇ ನನ್ನ ಹವ್ಯಾಸ, ಆ ಚೀಲ ನನ್ನದಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ. ಗೋಡೆಯ ಕ್ಯಾಲೆಂಡರಿನಲ್ಲಿ ಗಿಡುಗದ ಚಿತ್ರವಿತ್ತು. ಅದನ್ನು ಮೊಳೆಯಿಂದ ತೆಗೆದು ದಯಣ್ಣ ಇದ್ದ ಒಳಕೋಣೆಗೆ ಹೋದ.

"ದೇವರು ದೊಡ್ಡವ. ದಯಣ್ಣ ಹಕ್ಕಿ ಅಂದ್ರೆ ಮುಗಿತ್" ಎಂದೆ.

ಪ್ರಭಾ ಏನೋ ಯೋಚಿಸುತ್ತಿದ್ದವಳು ಥಟ್ಟನೆ ತಲೆಯೆತ್ತಿದಳು. "ಮನೆಯ ಭಾಷೆಯಲ್ಲಿ ಅಂತ ಕೇಳಿದ್ರೆ?"

"ಕೇಣ್ಲಿ. 'ಹಕ್ಕಿ' ಅಂಬ್ರ್."

"ಎಂತ ಹಕ್ಕಿ ಮಾರಾಯ್ತಿ! ತುಳುವಿನಲ್ಲಿ ಅದು ಪಕ್ಕಿ!"

ಅಧಿಕಾರಿ ಮರಳಿ ಬಂದು ಕ್ಯಾಲೆಂಡರನ್ನು ಮೇಜಿನ ಮೇಲೆ ಮಗುಚಿ ಇಟ್ಟ. "ನಿಮ್ಮ ಮನೆಯಲ್ಲಿ ಇದಕ್ಕೆ ಏನೆನ್ನುತ್ತೀರಿ ಎಂದು ಕೇಳಿದೆ. ಆತ ಪಕ್ಕಿ ಎಂದ. ನೀವು ಹಕ್ಕಿ ಎನ್ನುತ್ತೀರಿ. ನೀವು ಮೂವರೂ ಒಂದೇ ಭಾಷೆಯಲ್ಲಿ ಮಾತಾಡಿದ್ದನ್ನು ನನ್ನ ಹುಡುಗರು ಕೇಳಿದ್ದಾರೆ. ಯಾರು ಸುಳ್ಳು ಹೇಳುತ್ತಿದ್ದೀರಿ?"

ನನಗೆ ಆ ಕ್ಷಣ ದಯಣ್ಣನ ಮೇಲೆ ಸಿಟ್ಟು ಬಂತು. ಜೀವಮಾನದಲ್ಲಿ ಒಮ್ಮೆಯಾದರೂ ಕೇಳಿದ್ದಕ್ಕೆ ನೇರ ಉತ್ತರ ಕೊಡದೆ ಇರಬಾರದೆ ಈ ಮನುಷ್ಯ! ಪ್ರಭಾ ಬಾಯಿ ತೆರೆದಳು. ಅಧಿಕಾರಿ ಕೈಯೆತ್ತಿ ತಡೆದ. ನೀವು ಅವನ ಹೆಂಡತಿ, ಸುಮ್ಮನೆ ಕೂತಿರಿ ಎಂದ. ಅವಳು ಸಲ್ವಾರಿನ ಶಾಲನ್ನು ಬಾಯಿಗೆ ಒತ್ತಿಕೊಂಡು ಕೂತಳು.

ನಾನು ಕೇಳಿದೆ: "ಸಾಹೇಬರೆ, ನಿಮ್ಮ ಮನೆಯಲ್ಲಿ ಯಾವ ಭಾಷೆ?"

ಅವನು ಇದನ್ನು ನಿರೀಕ್ಷಿಸಿರಲಿಲ್ಲ. "ಬಲೂಚಿ" ಎಂದ.

"ಈ ಕಾನ್‌ಸ್ಟೇಬಲ್ ಹುಡುಗನ ಜೊತೆ?"

"ಅರಬ್ಬಿ."

"ನಮ್ಮದೂ ಹಾಗೆಯೇ. ನಮ್ಮ ನಡುವೆ ಕನ್ನಡ, ಅವರ ಮನೆಯಲ್ಲಿ ತುಳು. ನಮ್ಮ ಹ ಅವರಲ್ಲಿ ಪ ಆಗುತ್ತದೆ. ಬೇಕಾದರೆ ಕೇಳಿ ನೋಡಿ."

ಅವನು ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಹೂವನ್ನು ತೋರಿಸಿದ. ನಮ್ಮಲ್ಲಿ ಹೂ, ಅವರು ಪೂ ಎನ್ನುತ್ತಾರೆ ಎಂದೆ. ಕಾನ್‌ಸ್ಟೇಬಲ್ ಹೂ ಹಿಡಿದು ಒಳಗೆ ಹೋದ, ಬಂದು ಅಧಿಕಾರಿಯ ಕಿವಿಯಲ್ಲಿ ಹೇಳಿದ. ಅಧಿಕಾರಿ ಎರಡೂ ಕೈಯ ಬೆರಳು ಬಿಡಿಸಿ ತೋರಿಸಿದ. ನಮ್ಮಲ್ಲಿ ಹತ್ತು, ಅವರಲ್ಲಿ ಪತ್ತ್. ಹುಡುಗ ಮತ್ತೆ ಹೋದ, ಬಂದ, ಕಿವಿಯಲ್ಲಿ ಹೇಳಿದ. ಅಧಿಕಾರಿಯ ಹುಬ್ಬು ಸ್ವಲ್ಪ ಸಡಿಲಾಯಿತು. ನನಗೆ ಧೈರ್ಯ ಬಂತು, ಅದರ ಹಿಂದೆಯೇ ಸ್ವಲ್ಪ ಜಂಬವೂ ಬಂತು.

ಅವನು ತನ್ನ ಮುಂದಿನ ಹಲ್ಲನ್ನು ಬೆರಳಿನಿಂದ ತಟ್ಟಿದ.

"ನಮ್ಮಲ್ಲಿ ಹಲ್ಲು. ಅವರಲ್ಲಿ ಪಲ್ಲು" ಎಂದೆ ತಡವರಿಸದೆ.

ಪ್ರಭಾ ಕಣ್ಣು ಮುಚ್ಚಿಕೊಂಡಳು. ನನಗೆ ಆಗಲೇ ಅರ್ಥವಾಗಬೇಕಿತ್ತು.

ಹುಡುಗ ಈ ಸಲ ತಡಮಾಡಿ ಬಂದ. ಕಿವಿಯಲ್ಲಿ ಹೇಳುವಾಗ ಅವನಿಗೇ ನಂಬಿಕೆಯಿದ್ದಂತೆ ಕಾಣಲಿಲ್ಲ. ಅಧಿಕಾರಿ ಅವನನ್ನು ಎರಡನೇ ಸಲ ಕೇಳಿ ಖಚಿತ ಮಾಡಿಕೊಂಡ. ಆಮೇಲೆ ನನ್ನ ಕಡೆ ನೋಡಿ, ಆ ಶಬ್ದ ಅಲ್ಲ ಎಂದಷ್ಟೇ ಹೇಳಿದ. ಎಲ್ಲ ಮುಗಿಯಿತು ಎಂದುಕೊಂಡೆ. ಮಂಗಳೂರಿನ ಆ ಹುಡುಗಿಯ ಓದು, ಈ ಮನೆ, ಈ ಸಂಸಾರ, ಎಲ್ಲವನ್ನೂ ನನ್ನ ಜಾಣತನ ನುಂಗಿತ್ತು.

ಅಧಿಕಾರಿ ಪ್ರಭಾಳ ಕಡೆ ತಿರುಗಿದ. ಇನ್ನೊಮ್ಮೆ ಹಲ್ಲು ತಟ್ಟಿದ. "ಈಗ ನೀವು ಹೇಳಿ. ನಿಮ್ಮ ಮನೆಯಲ್ಲಿ ಇದು ಏನು?"

ಪ್ರಭಾ ಶಾಲನ್ನು ಬಾಯಿಂದ ತೆಗೆದು ಮೆಲ್ಲಗೆ ಹೇಳಿದಳು: "ಕೂಲಿ."

ಇವಳಿಗೆ ತಲೆ ಕೆಟ್ಟಿತು ಎಂದುಕೊಂಡೆ. ನಾವು ಕೂಲಿ ಮಾಡಿ ಬದುಕುವವರು, ಬಿಟ್ಟುಬಿಡಿ ಎಂದು ಬೇಡುತ್ತಿದ್ದಾಳೆ ಎಂದುಕೊಂಡೆ. ಆದರೆ ಅಧಿಕಾರಿ ಕಾನ್‌ಸ್ಟೇಬಲನ ಮುಖ ನೋಡಿದ, ಕಾನ್‌ಸ್ಟೇಬಲ್ ಅಧಿಕಾರಿಯ ಮುಖ ನೋಡಿದ. ಹುಡುಗನಿಗೆ ತಡೆಯಲಾಗಲಿಲ್ಲ, ಬಾಯಿಗೆ ಕೈ ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿದ. ಅಧಿಕಾರಿಯ ಗಡ್ಡ ಅಲುಗಿತು. ಆಮೇಲೆ ಇಬ್ಬರೂ ಗಟ್ಟಿಯಾಗಿ ನಕ್ಕರು.

ತುಳುವಿನಲ್ಲಿ ಹಲ್ಲಿಗೆ ಕೂಲಿ ಎನ್ನುತ್ತಾರೆ. ಕಾಲೇಜಿನ ಅಷ್ಟೂ ವರ್ಷ ಒಂದೇ ಕೋಣೆಯಲ್ಲಿ ಮಲಗಿದ್ದರೂ ನನಗೆ ಅದು ಗೊತ್ತಿರಲಿಲ್ಲ. ಪ್ರಭಾಳಿಗೆ ಒಮ್ಮೆಯೂ ಹಲ್ಲುನೋವು ಬಂದಿರಲಿಲ್ಲ. ನನಗೆ ಗೊತ್ತಿಲ್ಲದ ಶಬ್ದವನ್ನು ಬೇರೆ ಬೇರೆ ಕೋಣೆಯಲ್ಲಿ ಕೂತ ಗಂಡ ಹೆಂಡತಿ ಒಂದೇ ರೀತಿ ಹೇಳಿದ್ದರು. ನಾವು ಮಾತು ಹೊಂದಿಸಿಕೊಂಡು ಬಂದವರಲ್ಲ, ನಮ್ಮಲ್ಲಿ ನಿಜವಾಗಿಯೂ ಎರಡು ಭಾಷೆಗಳಿವೆ ಎಂಬುದಕ್ಕೆ ನನ್ನ ಸರಿ ಉತ್ತರಗಳಿಗಿಂತ ಆ ತಪ್ಪು ಉತ್ತರವೇ ದೊಡ್ಡ ಸಾಕ್ಷಿಯಾಯಿತು.

ಆ ಖೋರಿನಲ್ಲಿ ದೋಣಿಯವರು ಮಾಲು ಬಚ್ಚಿಡುವುದು ಅವರಿಗೆ ಮೊದಲೇ ಗೊತ್ತಿತ್ತಂತೆ, ಕಾಯುತ್ತಲೇ ಇದ್ದರಂತೆ. ಕಫೀಲನಿಗೆ ಹೇಳಿ ಕಳಿಸುವ ಅಗತ್ಯವಿಲ್ಲ, ಕೇಸೂ ಇಲ್ಲ ಎಂದ ಅಧಿಕಾರಿ. ಕಡಲ ದಂಡೆಯಲ್ಲಿ ಇನ್ನು ದುರ್ಬೀನು ಎತ್ತಬೇಡಿ ಎಂದು ನನಗೆ ಎಚ್ಚರಿಕೆ ಕೊಟ್ಟ. ನಾನು ಎಷ್ಟು ಜೋರಾಗಿ ತಲೆಯಾಡಿಸಿದೆನೆಂದರೆ ಕುತ್ತಿಗೆ ಉಳುಕಿತು.

ಒಳಗಿನಿಂದ ದಯಣ್ಣನನ್ನು ಕರೆತಂದರು. ಏನಾಯಿತೆಂದು ಅವರಿಗೆ ಇನ್ನೂ ಗೊತ್ತಿರಲಿಲ್ಲ. ಹೂ, ಬೆರಳು, ಹಲ್ಲು ತೋರಿಸಿ ತೋರಿಸಿ ಹೋದವರು ತನ್ನನ್ನು ಹುಚ್ಚನೋ ಎಂದು ಪರೀಕ್ಷಿಸುತ್ತಿದ್ದಾರೆ ಎಂದೇ ತಿಳಿದಿದ್ದರಂತೆ. ಮುಖ ಬಿಳಿಚಿತ್ತು, ಪ್ಯಾಂಟಿನ ಕೆಸರು ಒಣಗಿ ಬಿರಿದಿತ್ತು. ಅಧಿಕಾರಿ ಅವರ ಹೆಗಲ ಮೇಲೆ ಕೈಯಿಟ್ಟು, ಪ್ರಭಾಳನ್ನು ನೋಡಿ, ತಮಾಷೆಗೆ, ಆದರೆ ಪೊಲೀಸಿನವರ ದನಿಯಲ್ಲೇ ಕೇಳಿದ:

"ಹಕ್ಕ್ ಮನ್ ಹಾದಾ?"

ಪ್ರಭಾ ಎದ್ದು ನಿಂತಳು. ಅವಳಿಗೆ ತಮಾಷೆ ಎನ್ನಿಸಿರಲಿಲ್ಲ. "ಹಕ್ಕಿ" ಎಂದಳು, ಅರಬ್ಬಿಯಲ್ಲಿ. ಆಮೇಲೆ ಅಷ್ಟು ಹೊತ್ತು ತಡೆದದ್ದೆಲ್ಲ ಒಡೆದು ಬಂತು.

ಮರಳುವ ದಾರಿ

ಸಂಜೆ ಗುಡ್ಡಗಳ ನಡುವೆ ಕಾರು ಮೆಲ್ಲಗೆ ಹೋಗುತ್ತಿತ್ತು. ತಂತಿಯ ಮೇಲೆ ಏನೇನೋ ಕೂತಿದ್ದವು, ನಾನು ನೋಡಲಿಲ್ಲ. ಕ್ಷಮಿಸಿ ಎಂದು ಹೇಳಲು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ದಯಣ್ಣ, "ಬಿಡಿ ಸರೋಜಕ್ಕ, ಆಯ್ತಲ್ಲ" ಎಂದರು. ಆ ಮನುಷ್ಯ ನನ್ನನ್ನು ಒಮ್ಮೆ ಬೈದಿದ್ದರೆ ನನಗೆ ಎಷ್ಟೋ ಸುಖವಾಗುತ್ತಿತ್ತು.

ಕೊನೆಗೆ ಅವರೇ ಮಾತು ತೆಗೆದರು.

"ಒಳಗೆ ಒಬ್ಬನೇ ಕೂತು ಎಂತ ಮಾಡಿದೆ ಗೊತ್ತುಂಟಾ? ಸಾಮಾನು ಕಟ್ಟಿದೆ. ಮನಸ್ಸಲ್ಲೇ. ನಾಳೆ ಕಳಿಸಿದ್ರೆ ಎಂತೆಲ್ಲ ತಕ್ಕೊಂಡು ಹೋಗುದು ಅಂತ ಒಂದೊಂದೇ ಕೋಣೆ ನೋಡಿದೆ. ಮಂಚ ಕಂಪೆನಿದು. ಫ್ರಿಜ್ಜು ಕಂಪೆನಿದು. ಮನೆ, ಕಾರು, ಗ್ಯಾಸಿನ ಒಲೆ, ಎಲ್ಲ ಅವರದ್ದೇ. ಇಷ್ಟು ವರ್ಷ ಇಲ್ಲಿ ಇದ್ದು, ಒಂದು ಸೂಟ್‌ಕೇಸ್ ಸಾ ತುಂಬ್ಲಿಲ್ಲ ಮಾರಾಯ್ರೆ."

ಕಾರು ಒಂದು ತಿರುವು ದಾಟಿತು.

"ಆ ಸೂಟ್‌ಕೇಸ್ ಸಾ ನಮ್ಮದಲ್ಲ" ಎಂದಳು ಪ್ರಭಾ. "ಮೇಲಿನ ಫ್ಲಾಟಿನವರದ್ದು. ಹೋದ ಸಲ ಊರಿಗೆ ಹೋಗುವಾಗ ಕೇಳಿ ತಂದದ್ದು. ಇನ್ನೂ ವಾಪಸ್ ಕೊಡ್ಲಿಲ್ಲ."

ದಯಣ್ಣ ಅವಳನ್ನು ನೋಡಿದರು. ಮೊದಲು ಅವರ ಹೆಗಲು ಅಲುಗಿತು. ಆಮೇಲೆ ಇಬ್ಬರೂ ನಗತೊಡಗಿದರು, ನಿಲ್ಲಿಸಲಾರದೆ ನಕ್ಕರು. ಕಾರನ್ನು ಬದಿಗೆ ಹಾಕಬೇಕಾಯಿತು. ಆ ಬೋಳು ಗುಡ್ಡದ ಕೆಳಗೆ ಅವರಿಬ್ಬರೂ ಕಣ್ಣೀರು ಒರೆಸಿಕೊಂಡು ನಗುತ್ತಿದ್ದರು, ನಾನು ಹಿಂದಿನ ಸೀಟಿನಲ್ಲಿ ಕೂತು ಅಳುತ್ತಿದ್ದೆ.